ಅಲ್ಪಾಕ ಜೋಡಿ ತರಿಸೋಣವೇ? ಜಮಖಂಡಿಯ ಓದುಗರಿಗೆ ಉತ್ತರ

ಪ್ರಶ್ನೆ: ಸರ್, ನಮ್ಮದು ಜಮಖಂಡಿ ತಾಲೂಕಿನ ಹಳ್ಳಿ. ಮಾವನವರು ನೂರರ ಮೇಲೆ ಕುರಿ ಸಾಕಿದ್ದಾರೆ. ಕರಿ ಉಣ್ಣೆಯನ್ನು ಈಗ ಯಾರೂ ಕೇಳುವುದಿಲ್ಲ. ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ನನ್ನ ಮೈದುನ ಫೋನಿನಲ್ಲಿ ಅಲ್ಪಾಕ ಅನ್ನೋ ಪ್ರಾಣಿಯ ವಿಡಿಯೋ ನೋಡಿ, ಒಂದು ಜೋಡಿ ತರಿಸಿದರೆ ಉಣ್ಣೆಯಲ್ಲೇ ಲಕ್ಷ ಲಕ್ಷ ದುಡಿಯಬಹುದು ಅಂತ ಹಟ ಹಿಡಿದಿದ್ದಾನೆ. ಅದು ಕುರಿಯೋ ಒಂಟೆಯೋ? ಅದರ ಉಣ್ಣೆಗೆ ಅಷ್ಟು ಬೆಲೆ ಯಾಕೆ? ನಮ್ಮ ಕಡೆ ಬದುಕುತ್ತದೆಯೇ? ಇನ್ನೊಂದು ಮಾತು. ನಾನು ಮನೆಯಲ್ಲಿ ಕ್ರೋಶಾ ಹಾಕುತ್ತೇನೆ. ಆನ್‌ಲೈನ್‌ನಲ್ಲಿ 'ಬೇಬಿ ಅಲ್ಪಾಕ' ಅಂತ ನೂಲು ತರಿಸಿದೆ. 50 ಗ್ರಾಂ ಉಂಡೆಗೆ 120 ರೂಪಾಯಿ. ಇದು ನಿಜವಾದದ್ದೇ? ಒಗೆಯುವುದು ಹೇಗೆ?

ಉತ್ತರ: ಮೊದಲು ನಿಮ್ಮ ಮೈದುನನ ಮಾತು ಮುಗಿಸಿಬಿಡೋಣ ತಾಯಿ. ಜೋಡಿ ತರಿಸುವುದು ಬೇಡ. ಸುಮ್ನೆ ಬೇಡ ಅಂದರೆ ಹುಡುಗರು ಕೇಳುವುದಿಲ್ಲ, ಅಲ್ವಾ? ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಅವನಿಗೂ ಓದಿಸಿ. ಮಾವನವರಿಗೆ ಓದಿ ಹೇಳಿ. ಇದರಲ್ಲಿ ಅವರ ಕುರಿಗಳಿಗೆ ಸಂಬಂಧಪಟ್ಟ ಮಾತೂ ಇದೆ.

ಅಲ್ಪಾಕ ಕುರಿಯಲ್ಲ. ಒಂಟೆಯ ಬಳಗದ್ದು. ಬೆನ್ನ ಮೇಲೆ ಡುಬ್ಬ ಇರುವುದಿಲ್ಲ ಅಷ್ಟೇ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಈ ಬಳಗದ ನಾಲ್ಕು ಪ್ರಾಣಿಗಳಿವೆ. ವಿಕುನ್ಯಾ, ಗ್ವಾನಾಕೊ ಕಾಡಿನವು. ಅಲ್ಪಾಕ, ಲಾಮಾ ಸಾಕಿದವು. ಲಾಮಾವನ್ನು ಹೊರೆ ಹೊರುವುದಕ್ಕೆ ಸಾಕಿದರು, ಅಲ್ಪಾಕವನ್ನು ಉಣ್ಣೆಗೆ. ಲಾಮಾ ದೊಡ್ಡದು, ಕಿವಿ ಬಾಳೆಹಣ್ಣಿನ ಹಾಗೆ ಬಾಗಿರುತ್ತವೆ. ಅಲ್ಪಾಕ ಸಣ್ಣದು, ಕಿವಿ ನೆಟ್ಟಗೆ ಮೊನಚಾಗಿರುತ್ತವೆ. ಫೋನಿನಲ್ಲಿ ಓಡಾಡುವ ಎಷ್ಟೋ 'ಅಲ್ಪಾಕ' ವಿಡಿಯೋಗಳಲ್ಲಿ ಇರುವುದು ಲಾಮಾ. ಮೈದುನ ನೋಡಿದ್ದು ಯಾವುದು ಅಂತ ಕಿವಿ ನೋಡಿ ಹೇಳಲು ಹೇಳಿ.

ಸಾಕಲು ಶುರು ಮಾಡಿ ಆರೇಳು ಸಾವಿರ ವರ್ಷ ಆಗಿದೆ. ಅಲ್ಪಾಕ ಲಾಮಾದ ತಳಿಯೇ ಇರಬೇಕು ಅಂತ ವಿಜ್ಞಾನಿಗಳು ತುಂಬಾ ಕಾಲ ನಂಬಿದ್ದರು. 2001ರಲ್ಲಿ ಡಿಎನ್ಎ ಪರೀಕ್ಷೆ ಮಾಡಿದಾಗ, ಅದರ ಮೂಲ ಕಾಡಿನ ವಿಕುನ್ಯಾ ಅಂತ ಗೊತ್ತಾಯಿತು. ಇದು ಬರೀ ಪುಸ್ತಕದ ವಿಷಯ ಅಲ್ಲ. ವಿಕುನ್ಯಾದ ಕೂದಲು 12–13 ಮೈಕ್ರಾನ್ ಮಾತ್ರ. ಜಗತ್ತಿನ ಪ್ರಾಣಿಗಳ ಉಣ್ಣೆಯಲ್ಲೇ ಅತಿ ತೆಳುವಾದವುಗಳಲ್ಲಿ ಅದೂ ಒಂದು. ಪೆರುವಿನ ಕಡೆ ಆಳುತ್ತಿದ್ದ ಇಂಕಾ ರಾಜರ ಕಾಲದಲ್ಲಿ ಅದು ಅರಮನೆಯವರ ಬಟ್ಟೆಗೆ ಮೀಸಲು. ಅಲ್ಪಾಕದ ಮೃದುತನ ವಿಕುನ್ಯಾದ ಕಡೆಯಿಂದ ಬಂದ ಆಸ್ತಿ.

ಅಲ್ಪಾಕ ಭುಜದ ಹತ್ತಿರ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ ಎತ್ತರ. ತೂಕ 50ರಿಂದ 85 ಕೆ.ಜಿ. ಆಯುಸ್ಸು 15–20 ವರ್ಷ. ಮೇಲಿನ ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ನಮ್ಮ ಕುರಿ ಆಕಳಿನ ಹಾಗೆಯೇ. ಮೆಲುಕು ಹಾಕುತ್ತದೆ, ಆದರೆ ಹೊಟ್ಟೆಯಲ್ಲಿ ಮೂರೇ ಕೋಣೆ. ಕಾಲಿಗೆ ಗೊರಸಿಲ್ಲ. ಎರಡು ಬೆರಳು, ಕೆಳಗೆ ಮೆತ್ತನೆಯ ಅಂಗಾಲು. ಅದರಿಂದ ಹುಲ್ಲುಗಾವಲು ಕಿತ್ತುಹೋಗುವುದು ಕಡಿಮೆ. ಹಿಂಡೆಲ್ಲ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ದೊಡ್ಡಿ ಬಳಿಯುವವರಿಗೆ ಇದು ಎಂಥ ಸುಖ ಅಂತ ನಿಮಗೆ ಗೊತ್ತು! ಕೋಪ ಬಂದರೆ ಉಗುಳುತ್ತದೆ. ಗಬ್ಬವಾದ ಹೆಣ್ಣು, ಗಂಡು ಹತ್ತಿರ ಬಂದರೆ ಉಗುಳಿ ಓಡಿಸುತ್ತದೆ. ಅಲ್ಲಿನ ಸಾಕುವವರು ಗಬ್ಬ ನಿಂತಿದೆಯೋ ಇಲ್ಲವೋ ಅಂತ ಹೀಗೆಯೇ ನೋಡುತ್ತಾರೆ.

ಜಗತ್ತಿನ ಅಲ್ಪಾಕಗಳಲ್ಲಿ ಬಹುಪಾಲು ಇರುವುದು ಪೆರು ದೇಶದಲ್ಲಿ. ಆಮೇಲೆ ಬೊಲಿವಿಯಾ. ಪೆರುವಿನ ಪೂನೊ, ಕುಸ್ಕೊ, ಅರೆಕಿಪಾ ಕಡೆಯ ಎತ್ತರದ ಬಯಲುಗಳು. ಸಮುದ್ರಮಟ್ಟದಿಂದ 3,500 ಮೀಟರಿಂದ 5,000 ಮೀಟರ್‌ವರೆಗೆ. ನಮ್ಮ ಬೆಳಗಾವಿ 750 ಮೀಟರ್ ಆಸುಪಾಸು, ವಿಜಯಪುರ ಅದಕ್ಕಿಂತ ಕೆಳಗೆ. ಆ ಎತ್ತರದಲ್ಲಿ ಹಗಲು ಬಿಸಿಲು ಚುರುಕು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಗಾಳಿ ತೆಳು. ಅಂಥ ಕಡೆ ಬದುಕಲು ಈ ಪ್ರಾಣಿಯ ರಕ್ತದ ಕಣವೇ ಬೇರೆ ಆಕಾರದಲ್ಲಿದೆ, ಮೊಟ್ಟೆಯ ಆಕಾರ. ಮರಿ ಹಾಕುವುದೂ ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲೇ. ಸಂಜೆ ಚಳಿ ಶುರುವಾಗುವ ಹೊತ್ತಿಗೆ ಮರಿಯ ಮೈ ಒಣಗಿರಬೇಕಲ್ಲ. ಆದರೂ ಚಳಿ ಜೋರಾದ ವರ್ಷ ಎಷ್ಟೋ ಮರಿಗಳು ಸಾಯುತ್ತವೆ. ಅಲ್ಲಿಯ ಸಾಕಣೆದಾರರು ಶ್ರೀಮಂತರಲ್ಲ. ಸಣ್ಣ ಹಿಂಡಿನ ಬಡ ಕುಟುಂಬಗಳೇ ಜಾಸ್ತಿ. ಮಾಂಸ ತಿನ್ನುತ್ತಾರೆ, ಒಣಗಿಸಿ ಇಡುತ್ತಾರೆ, ಮಾರುತ್ತಾರೆ. ಕಿವಿಗೆ ಬಣ್ಣಬಣ್ಣದ ನೂಲಿನ ಗೊಂಡೆ ಕಟ್ಟಿ ಹಬ್ಬ ಮಾಡುತ್ತಾರೆ, ಭೂಮಿತಾಯಿಗೆ ಪೂಜೆ ಮಾಡುತ್ತಾರೆ. ಬೀರಪ್ಪನ ಜಾತ್ರೆಯಲ್ಲಿ ಕುರಿಗೆ ಭಂಡಾರ ಹಚ್ಚುವ ನಮ್ಮವರಿಗೆ ಅವರು ಪರಕೀಯರು ಅನಿಸಲಿಕ್ಕಿಲ್ಲ.

ಈಗ ಉಣ್ಣೆ. ನಿಮ್ಮ ಪ್ರಶ್ನೆಯ ಜೀವ ಇರುವುದು ಇಲ್ಲಿ.

ಅಲ್ಪಾಕದಲ್ಲಿ ಎರಡು ಜಾತಿ. ವಾಕಾಯ, ಸೂರಿ. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ವಾಕಾಯ. ಅದರ ಉಣ್ಣೆ ಗುಂಗುರು, ಮೈಮೇಲೆ ಉಬ್ಬಿ ನಿಂತಿರುತ್ತದೆ. ಸೂರಿಯದು ನೇರ, ಸುರುಳಿ ಸುರುಳಿಯಾಗಿ ಜೋತುಬೀಳುತ್ತದೆ, ರೇಷ್ಮೆಯಂತೆ ಹೊಳೆಯುತ್ತದೆ. ಬಣ್ಣ ಬಿಳಿಯಿಂದ ಶುರುವಾಗಿ ಕೆನೆ, ಕಂದು, ಬೂದಿ, ಕಪ್ಪಿನವರೆಗೆ. ಪೆರುವಿನವರು 22 ನೈಸರ್ಗಿಕ ಬಣ್ಣ ಅಂತ ಎಣಿಸುತ್ತಾರೆ. ಬಣ್ಣ ಹಾಕುವವರಿಗೆ ಬಿಳಿ ಬೇಕು, ಅದಕ್ಕೇ ಬೆಲೆ ಜಾಸ್ತಿ. ಹಾಗಾಗಿ ಬಣ್ಣದ ಅಲ್ಪಾಕಗಳು ಹಿಂಡಿನಲ್ಲಿ ಕಡಿಮೆಯಾಗುತ್ತ ಬಂದಿವೆ. ನಮ್ಮ ಕರಿ ಕುರಿಯ ಪಾಡೂ ಇದೇ ತಾನೇ?

ವರ್ಷಕ್ಕೆ ಒಂದು ಸಲ ಕತ್ತರಿಸುತ್ತಾರೆ. ಒಂದು ಪ್ರಾಣಿಯಿಂದ ಸುಮಾರು 2–3 ಕೆ.ಜಿ. ಉಣ್ಣೆ. ಚೆನ್ನಾಗಿ ಸಾಕಿದರೆ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಇಲ್ಲೊಂದು ತೊಡಕಿದೆ. ಜಾಸ್ತಿ ತಿನ್ನಿಸಿದರೆ ಕೂದಲು ದಪ್ಪ ಆಗುತ್ತದೆ. ವಯಸ್ಸಾದ ಹಾಗೂ ದಪ್ಪ ಆಗುತ್ತದೆ. ತೂಕ ಬಂತು ಅಂತ ಖುಷಿಪಟ್ಟರೆ ಬೆಲೆ ಇಳಿದಿರುತ್ತದೆ.

ಉಣ್ಣೆಯ ಬೆಲೆ ನಿಂತಿರುವುದು ಎಳೆಯ ದಪ್ಪದ ಮೇಲೆ. ಅಳತೆ ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು. ನಮ್ಮ ತಲೆಗೂದಲು 60–80 ಮೈಕ್ರಾನ್ ಇರುತ್ತದೆ. ಅಲ್ಪಾಕ ಸಾಧಾರಣವಾಗಿ 18ರಿಂದ 30ರ ಆಚೆಯವರೆಗೂ ಇರುತ್ತದೆ. ನಮ್ಮ ಕಡೆಯ ಕರಿ ದಖ್ಖನಿ ಕುರಿಯದು 40ಕ್ಕಿಂತ ಜಾಸ್ತಿ. ಚರ್ಮಕ್ಕೆ ಚುಚ್ಚುವುದು 30 ಮೈಕ್ರಾನ್ ದಾಟಿದ ಎಳೆಗಳು. ತೆಳು ಎಳೆ ಚರ್ಮಕ್ಕೆ ತಾಗಿದ ಕೂಡಲೇ ಬಾಗುತ್ತದೆ, ದಪ್ಪದ್ದು ಬಾಗದೆ ಚುಚ್ಚುತ್ತದೆ. ನೂರು ಎಳೆಯಲ್ಲಿ ನಾಲ್ಕೈದು ದಪ್ಪ ಇದ್ದರೂ ಸಾಕು, ಕುತ್ತಿಗೆ ಕೆರೆಯಲು ಶುರು. ಹಾಗಾಗಿ 'ಅಲ್ಪಾಕ' ಅಂದ ಕೂಡಲೇ ಮೃದು ಅಂತಲ್ಲ. ಒರಟು ಅಲ್ಪಾಕವೂ ಇದೆ, ರಾಶಿ ರಾಶಿ ಇದೆ. ಅದು ರಗ್ಗಿಗೆ, ಚಾಪೆಗೆ ಹೋಗುತ್ತದೆ.

ಕುರಿ ಉಣ್ಣೆಗೂ ಇದಕ್ಕೂ ಇನ್ನೂ ಕೆಲವು ವ್ಯತ್ಯಾಸ ಇವೆ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಪೊರೆಗಳಿರುತ್ತವೆ. ಅಲ್ಪಾಕದಲ್ಲಿ ಈ ಪೊರೆಗಳ ಅಂಚು ತಗ್ಗು. ಅದಕ್ಕೇ ಕೈಗೆ ನುಣುಪು. ಕುರಿ ಉಣ್ಣೆಯಲ್ಲಿರುವ ಜಿಡ್ಡು ಇದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕುರಿ ಉಣ್ಣೆಯ ಜಿಡ್ಡು ತೆಗೆಯಲು ಬಿಸಿನೀರು, ಸೋಪು ಸುರಿಯಬೇಕು. ಇಲ್ಲಿ ಆ ಖರ್ಚು ಕಡಿಮೆ. ಆದರೆ ಪ್ರಾಣಿ ಮಣ್ಣಿನಲ್ಲಿ ಹೊರಳುವುದು ಜಾಸ್ತಿ. ಧೂಳು ಝಾಡಿಸುವ ಕೆಲಸ ಮಾತ್ರ ತಪ್ಪದು.

ಮಾರುವವರು ಇಲ್ಲಿ ಎರಡು ಮಾತು ಉಬ್ಬಿಸಿ ಹೇಳುತ್ತಾರೆ. ಒಂದು, ಅಲ್ಪಾಕದ ಪ್ರತಿ ಎಳೆಯೂ ಒಳಗೆ ಟೊಳ್ಳು, ಅದಕ್ಕೇ ಅಷ್ಟು ಬೆಚ್ಚಗೆ ಅಂತ. ದಪ್ಪ ಎಳೆಗಳ ನಡುವೆ ಗಾಳಿ ತುಂಬಿದ ತಿರುಳು ಉದ್ದಕ್ಕೂ ಇರುತ್ತದೆ, ನಿಜ. ತೆಳು ಎಳೆಗಳಲ್ಲಿ ಅದು ಅಲ್ಲಲ್ಲಿ ತುಂಡಾಗಿರುತ್ತದೆ, ಅಥವಾ ಇರುವುದೇ ಇಲ್ಲ. ಅಂದರೆ ಟೊಳ್ಳು ಜಾಸ್ತಿ ಇದ್ದಷ್ಟೂ ಉಣ್ಣೆ ಒರಟು. ಎರಡನೆಯದು, ಇದು ಯಾರಿಗೂ ಅಲರ್ಜಿ ಮಾಡುವುದಿಲ್ಲ ಅನ್ನುವುದು. ಉಣ್ಣೆ ತೊಟ್ಟರೆ ಕೆರೆತ ಬರುವವರಲ್ಲಿ ಬಹಳ ಜನರಿಗೆ ಆಗುವುದು ಅಲರ್ಜಿಯೇ ಅಲ್ಲ, ದಪ್ಪ ಎಳೆಯ ಚುಚ್ಚು. ತೆಳುವಾದ ಕುರಿ ಉಣ್ಣೆಯೂ ಅವರಿಗೆ ಒಗ್ಗುತ್ತದೆ, ಒರಟು ಅಲ್ಪಾಕ ಒಗ್ಗುವುದಿಲ್ಲ.

ಹಾಗಾದರೆ ಬೆಲೆ ಬರುವುದು ಎಲ್ಲಿಂದ? ನನ್ನ ಪ್ರಕಾರ ಅರ್ಧ ಬೆಲೆ ಪ್ರಾಣಿಯದು, ಅರ್ಧ ಬೆಲೆ ವಿಂಗಡಿಸುವವರ ಕೈಯದು. ಬೆಟ್ಟದ ಮೇಲಿಂದ ಬರುವ ಉಣ್ಣೆ ಎಲ್ಲ ಬೆರೆತೇ ಬರುತ್ತದೆ. ಬೆನ್ನು ಮತ್ತು ಪಕ್ಕೆಯ ಉಣ್ಣೆ ತೆಳು. ಕುತ್ತಿಗೆ, ಕಾಲು, ಹೊಟ್ಟೆಯದು ಒರಟು. ಅರೆಕಿಪಾ ಊರಿನ ಉಣ್ಣೆ ಕಾರ್ಖಾನೆಗಳಲ್ಲಿ ಹೆಂಗಸರು ಕೂತು, ಒಂದೊಂದು ಪ್ರಾಣಿಯ ಉಣ್ಣೆಯನ್ನೂ ಬಿಡಿಸಿ, ಬರೀ ಕೈಬೆರಳಿನಿಂದ ಮುಟ್ಟಿ ನೋಡಿ ಬೇರೆ ಬೇರೆ ಮಾಡುತ್ತಾರೆ. ಮೊದಲು ದಪ್ಪ, ಜೊತೆಗೆ ಉದ್ದ, ಬಣ್ಣ. ಈ ಕೈ ತಯಾರಾಗಲು ವರ್ಷಗಟ್ಟಲೆ ಬೇಕು. ಪೆರುವಿನ ಸರ್ಕಾರಿ ಮಾನದಂಡದಲ್ಲಿ 23 ಮೈಕ್ರಾನ್ ಮತ್ತು ಅದಕ್ಕಿಂತ ತೆಳುವಾದದ್ದು 'ಬೇಬಿ'. 26.5ರವರೆಗೆ ಇನ್ನೊಂದು ದರ್ಜೆ, 29ರವರೆಗೆ ಮತ್ತೊಂದು, 31.5ರವರೆಗೆ ಇನ್ನೊಂದು. ಅದರಾಚೆಯದು ಒರಟು. ಒಂದೇ ಪ್ರಾಣಿಯ ಮೈಯಿಂದ ಮೂರ್ನಾಲ್ಕು ದರ್ಜೆ ಹೊರಡುತ್ತವೆ. ನೋಡಿ, 'ಬೇಬಿ ಅಲ್ಪಾಕ' ಮರಿಯ ಉಣ್ಣೆಯೇ ಆಗಬೇಕಿಲ್ಲ. ಹತ್ತು ವರ್ಷದ ಮುದಿ ಪ್ರಾಣಿಯ ಬೆನ್ನಿನ ಮೇಲೂ ಅದು ಸಿಗಬಹುದು. ದಪ್ಪದ ಅಳತೆ ಅದು, ವಯಸ್ಸಿನದಲ್ಲ.

ವಿಂಗಡಿಸಿದ ಉಣ್ಣೆ ಇಟಲಿ, ಚೀನಾ ತಲುಪುತ್ತದೆ. ಬೆಟ್ಟದಲ್ಲಿ ಎಲ್ಲ ಬೆರೆಸಿ ತೂಕಕ್ಕೆ ಮಾರಿದವನಿಗೆ ಸಿಗುವುದು ಒಂದು ಸಣ್ಣ ಪಾಲು. ಮೈದುನನಿಗೆ ಇದನ್ನು ಎರಡು ಸಲ ಓದಿಸಿ. ಲಕ್ಷ ಲಕ್ಷದ ಮಾತು ಕೋಟು ಮಾರುವ ಅಂಗಡಿಯದು, ದೊಡ್ಡಿಯದಲ್ಲ.

ಇದೇ ಉಣ್ಣೆಯನ್ನು ಒಂದು ಕಾಲಕ್ಕೆ ಇಂಗ್ಲೆಂಡಿನವರು ಬೇಡ ಅಂದಿದ್ದರು. 1836ರ ಸುಮಾರಿಗೆ ಲಿವರ್‌ಪೂಲ್ ಬಂದರಿನ ಗೋದಾಮಿನಲ್ಲಿ ಅಲ್ಪಾಕದ ಮೂಟೆಗಳು ಕೊಳ್ಳುವವರಿಲ್ಲದೆ ಬಿದ್ದಿದ್ದವು. ಬ್ರಾಡ್‌ಫರ್ಡ್‌ನ ಟೈಟಸ್ ಸಾಲ್ಟ್ ಎಂಬ ಉಣ್ಣೆ ವ್ಯಾಪಾರಿ ಅದನ್ನು ಕೊಂಡ. ಅವನು ಬರೀ ಅಲ್ಪಾಕದಲ್ಲಿ ನೇಯಲಿಲ್ಲ. ಉದ್ದದ ಹಾಸು ಎಳೆಗೆ ಹತ್ತಿ ನೂಲು ಹಾಕಿ, ಅಡ್ಡದ ಹೊಕ್ಕಿಗೆ ಅಲ್ಪಾಕ ಹಾಕಿದ. ಹೊಳೆಯುವ, ಹಗುರವಾದ, ಗಟ್ಟಿ ಬಟ್ಟೆ ಬಂತು. ಇಳಕಲ್ ಸೀರೆಯ ಊರಿನ ಹತ್ತಿರದವರಿಗೆ ಹಾಸು–ಹೊಕ್ಕಿನ ಈ ಆಟ ಬಿಡಿಸಿ ಹೇಳಬೇಕಿಲ್ಲ. ಆ ದುಡ್ಡಿನಲ್ಲಿ ಅವನು ಸಾಲ್ಟೇರ್ ಅನ್ನೋ ಊರನ್ನೇ ಕಟ್ಟಿಸಿದ. ಅಲ್ಲಿಯ ಗಿರಣಿ 1853ರಲ್ಲಿ ಶುರುವಾಯಿತು. 2001ರಲ್ಲಿ ಯುನೆಸ್ಕೊ ಆ ಊರನ್ನು ವಿಶ್ವ ಪರಂಪರೆಯ ತಾಣ ಅಂತ ಗುರುತಿಸಿತು. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯ ವಕೀಲರು, ಗುಮಾಸ್ತರು ಹಾಕುತ್ತಿದ್ದ ಕರಿ ಅಲ್ಪಾಕ ಕೋಟು ಈ ಬಗೆಯ ಬಟ್ಟೆಯದು.

ಇನ್ನು ಸಾಕುವ ಮಾತು. ಅಲ್ಪಾಕ ನಮ್ಮ ಕಡೆ ಬಂದ ಕೂಡಲೇ ಸತ್ತುಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದ ಬಿಸಿಲಿನಲ್ಲೂ ಸಾಕುತ್ತಾರೆ. ಬೇಸಿಗೆಗೆ ಮುಂಚೆ ಕತ್ತರಿಸುತ್ತಾರೆ, ನೆರಳು ಕೊಡುತ್ತಾರೆ, ಫ್ಯಾನ್ ಹಾಕುತ್ತಾರೆ. ಅಲ್ಪಾಕ ಸಾಕುವವರು ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ಫ್ಯಾರನ್‌ಹೀಟ್‌ನಲ್ಲಿ ಇರುವ ಉಷ್ಣತೆಗೆ ಗಾಳಿಯ ತೇವದ ಶೇಕಡಾ ಕೂಡಿಸಬೇಕು. ಮೊತ್ತ 120ರ ಒಳಗಿದ್ದರೆ ಚಿಂತೆಯಿಲ್ಲ. ದಾಟಿದರೆ ಎಚ್ಚರಿಕೆ. 180 ಮುಟ್ಟಿದರೆ ಜೀವಕ್ಕೇ ಅಪಾಯ. ವಿಜಯಪುರದ ಮೇ ತಿಂಗಳ 40 ಡಿಗ್ರಿ ಅಂದರೆ 104 ಫ್ಯಾರನ್‌ಹೀಟ್. ಗಾಳಿಯಲ್ಲಿ ಶೇ 25 ತೇವ ಇದ್ದರೂ 129 ಆಯಿತು. ಮುಂಗಾರು ಶುರುವಾಗುವ ಹೊತ್ತಿನಲ್ಲಿ 95 ಫ್ಯಾರನ್‌ಹೀಟ್, ಶೇ 70 ತೇವ ಅಂದರೆ 165. ಕೃಷ್ಣಾ ದಂಡೆಯ ಕಬ್ಬಿನ ನಡುವೆ ಇರುವ ನಿಮ್ಮ ಊರಿನ ಸೆಕೆ ನಿಮಗೇ ಗೊತ್ತು. ಸೆಕೆಗೆ ಗಂಡಿನ ಬೀಜಶಕ್ತಿಯೂ ಕುಗ್ಗುತ್ತದೆ. ಅಕಸ್ಮಾತ್ ಎಲ್ಲಾದರೂ ಅಲ್ಪಾಕಕ್ಕೆ ಬಿಸಿಲು ಹೊಡೆದಿದ್ದು ನೋಡಿದರೆ ಬೆನ್ನ ಮೇಲೆ ನೀರು ಸುರಿಯಬಾರದು. ಒದ್ದೆ ಉಣ್ಣೆ ಒಳಗಿನ ಕಾವನ್ನು ಹಿಡಿದಿಡುತ್ತದೆ. ಹೊಟ್ಟೆ, ತೊಡೆಯ ಒಳಗೆ ನೀರು ಹಾಕಬೇಕು.

ಮರಿಯ ಲೆಕ್ಕ ಇನ್ನೂ ಕಷ್ಟ. ಗಬ್ಬದ ಕಾಲ ಹನ್ನೊಂದು ತಿಂಗಳು ದಾಟುತ್ತದೆ. ಒಂದೇ ಮರಿ, ಅವಳಿ ತೀರಾ ಅಪರೂಪ. ನಮ್ಮ ಕುರಿ ಐದು ತಿಂಗಳಿಗೆ ಈಯುತ್ತದೆ. ಒಂದು ಜೋಡಿ ಅಲ್ಪಾಕ ತಂದರೆ ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ, ಅದೂ ಗಂಡೋ ಹೆಣ್ಣೋ. ಹಿಂಡಿನ ಪ್ರಾಣಿ ಅದು. ಒಂಟಿಯಾಗಿಟ್ಟರೆ ಕೊರಗುತ್ತದೆ. ಗಂಡು ಹೆಣ್ಣನ್ನು ಸದಾ ಒಟ್ಟಿಗೆ ಬಿಟ್ಟರೆ ಹೆಣ್ಣಿಗೆ ನೆಮ್ಮದಿಯಿಲ್ಲ. ಹೀಗಾಗಿ 'ಒಂದು ಜೋಡಿ' ಅನ್ನುವ ಮಾತೇ ಸರಿಯಿಲ್ಲ. ವರ್ಷಕ್ಕೆ ಐದಾರು ಕೆ.ಜಿ. ಉಣ್ಣೆ, ಅದರಲ್ಲಿ ತೆಳು ಎರಡೋ ಮೂರೋ ಕೆ.ಜಿ. ಅಷ್ಟಕ್ಕೆ ಯಾವ ಗಿರಣಿಯವನು ಬರುತ್ತಾನೆ? ನಮ್ಮಲ್ಲಿ ಅದನ್ನು ಕೊಳ್ಳುವ ಸಂತೆಯೂ ಇಲ್ಲ. ಕಾಯಿಲೆ ಬಿದ್ದರೆ ಔಷಧದ ಪ್ರಮಾಣ ಗೊತ್ತಿರುವ ಡಾಕ್ಟರು ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಕುರಿಗಳಿಗೆ ಕರುಳುಬೇನೆ ತರುವ ರೋಗಾಣುಗಳ ಬಳಗವೇ ಅಲ್ಪಾಕ ಮರಿಗಳನ್ನೂ ಕೊಲ್ಲುತ್ತದೆ.

ಹೊರದೇಶದಿಂದ ಜೀವಂತ ಪ್ರಾಣಿ ತರಲು ಕೇಂದ್ರ ಸರ್ಕಾರದ ಅನುಮತಿ ಬೇಕು. ಆರೋಗ್ಯದ ಕಾಗದ, ಬಂದ ಮೇಲೆ ಕ್ವಾರಂಟೈನ್ ಎಲ್ಲ ಇದೆ. 'ಮುಂಗಡ ಹಾಕಿ, ಮನೆಗೇ ತಂದುಕೊಡ್ತೀವಿ' ಅನ್ನುವವನಿಗೆ ಒಂದು ರೂಪಾಯಿಯೂ ಕೊಡಬೇಡಿ.

ಅಮೆರಿಕದಲ್ಲಿ ಈ ನಾಟಕ ಆಗಿಹೋಗಿದೆ. 1984ರಲ್ಲಿ ಅಲ್ಲಿಗೆ ಅಲ್ಪಾಕ ಬಂದವು. ಆಮೇಲೆ ಒಂದೊಂದು ಹೆಣ್ಣು ಹತ್ತಿಪ್ಪತ್ತು ಸಾವಿರ ಡಾಲರಿಗೆ ಮಾರಾಟವಾಯಿತು. ದುಡ್ಡು ಬರುತ್ತಿದ್ದದ್ದು ಉಣ್ಣೆಯಿಂದಲ್ಲ, ಮರಿಯನ್ನು ಇನ್ನೊಬ್ಬ ಸಾಕುವವನಿಗೆ ಮಾರುವುದರಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2005ರಲ್ಲೇ ಎಚ್ಚರಿಸಿದ್ದರು, ಉಣ್ಣೆಯ ಆದಾಯ ಈ ಬೆಲೆಯನ್ನು ಹೊರುವುದಿಲ್ಲ ಅಂತ. 2008ರ ಆರ್ಥಿಕ ಕುಸಿತದ ನಂತರ ಬೆಲೆ ಬಿದ್ದುಹೋಯಿತು. ಎಷ್ಟೋ ಜನ ಪುಕ್ಕಟೆ ಕೊಟ್ಟು ಕೈ ತೊಳೆದುಕೊಂಡರು. ನಮ್ಮಲ್ಲಿ ಎಮು ಹಕ್ಕಿ ಸಾಕಿ ಲಾಭ ಮಾಡಲು ಹೊರಟವರ ಕಥೆ ಮೈದುನನಿಗೆ ನೆನಪಿರಲಿಕ್ಕಿಲ್ಲ, ಮಾವನವರಿಗೆ ಇರುತ್ತದೆ. 2012ರ ಸುಮಾರಿಗೆ ಆ ಗುಳ್ಳೆ ಒಡೆದಾಗ ಹಕ್ಕಿಗೆ ಕಾಳು ಹಾಕಲಾರದೆ ಬೀದಿಗೆ ಬಿಟ್ಟವರಿದ್ದರು. ಮರಿ ಮಾರಿಯೇ ಲಾಭ ಅನ್ನುವ ಯಾವ ಧಂದೆಯಲ್ಲೂ ಕೊನೆಗೆ ಕೊಂಡವನ ಕೈಗೆ ಚಿಪ್ಪೇ.

ನಿಮ್ಮ ಕರಿ ಉಣ್ಣೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲೇಬೇಕು ಅನಿಸಿದ್ದೇ ಆ ಒಂದು ಸಾಲಿನಿಂದ. ದಖ್ಖನಿ ಉಣ್ಣೆ ಅಲ್ಪಾಕ ಆಗುವುದಿಲ್ಲ. ಅದರ ದಪ್ಪವೇ ಬೇರೆ, ಕೆಲಸವೇ ಬೇರೆ. ಮೈಗೆ ಸ್ವೆಟರ್ ಮಾಡುವ ಉಣ್ಣೆ ಅಲ್ಲ ಅದು. ಮಳೆಯಲ್ಲಿ ಹೊದ್ದು ನಿಲ್ಲುವ, ನೆಲಕ್ಕೆ ಹಾಸುವ, ವರ್ಷಗಟ್ಟಲೆ ತಾಳುವ ಉಣ್ಣೆ. ಹುಣಸೆ ಬೀಜದ ಗಂಜಿ ಹಾಕಿ ಹಾಸು ಬಿಗಿದು ನೇಯ್ದ ಕಂಬಳಿಗೆ ಆ ಒರಟುತನವೇ ಬೇಕು. ಆದರೆ ಇವತ್ತು ಮಾರಾಟಕ್ಕೆ ಹೋಗುವ ಮೂಟೆ ತೆಗೆದು ನೋಡಿ. ಬೆನ್ನಿನದು, ಹೊಟ್ಟೆಯದು, ಬಾಲದ ಹತ್ತಿರದ ಹಿಕ್ಕೆ ಮೆತ್ತಿದ್ದು, ಜಾಲಿ ಮುಳ್ಳು, ಹುಲ್ಲಿನ ಬೀಜ, ಕರಿ ಕಂದು ಬೂದಿ ಎಲ್ಲ ಒಂದೇ ಚೀಲದಲ್ಲಿ. ಕೊಳ್ಳುವವನು ಅದರಲ್ಲಿರುವ ಅತಿ ಕೆಟ್ಟ ಉಣ್ಣೆಯ ಬೆಲೆಯನ್ನು ಪೂರ್ತಿ ಚೀಲಕ್ಕೆ ಕಟ್ಟುತ್ತಾನೆ. ಅವನು ಮಾಡುವುದೂ ತಪ್ಪಲ್ಲ.

ಹಿಂದೆ ಕಂಬಳಿ ನೇಯುವವರು ಮರಿಯ ಮೊದಲ ಉಣ್ಣೆಯನ್ನು ಬೇರೆಯೇ ಇಡುತ್ತಿದ್ದರು. ಅದು ಎಳೆಯದು, ಮೆತ್ತಗಿನದು. ಒಳ್ಳೆಯ ಕಂಬಳಿಗೆ ಅದು ಬೇಕಿತ್ತು. ಕತ್ತರಿಸುವ ಮುಂಚೆ ಕುರಿಗೆ ಹೊಳೆಯಲ್ಲಿ ಮೈ ತೊಳೆಸುತ್ತಿದ್ದರು. ಆ ಪದ್ಧತಿ ಬಿಟ್ಟುಹೋಗಿದ್ದರೆ ಮತ್ತೆ ಹಿಡಿಯಲು ದೊಡ್ಡ ಖರ್ಚೇನೂ ಇಲ್ಲ. ಕತ್ತರಿಸುವ ದಿನ ಒಂದು ತಾಡಪಾಲು ಹಾಸಿ. ಮೊದಲು ಮರಿಗಳ ಉಣ್ಣೆ ಮುಗಿಸಿ ಬೇರೆ ಕಟ್ಟಿ. ಆಮೇಲೆ ಅಪ್ಪಟ ಕರಿ ಕುರಿ, ಆಮೇಲೆ ಕಂದು, ಬೂದಿ. ಬೆನ್ನು–ಪಕ್ಕೆಯದು ಒಂದು ಕಡೆ, ಹೊಟ್ಟೆ–ಕಾಲಿನದು ಒಂದು ಕಡೆ. ಒಂದೇ ಜಾಗದಲ್ಲಿ ಎರಡು ಸಲ ಕತ್ತರಿ ಆಡಿಸಿದರೆ ತುಂಡು ತುಂಡು ಉಣ್ಣೆ ಬೀಳುತ್ತದೆ. ಅದು ನೂಲಲು ಬರುವುದಿಲ್ಲ, ಝಾಡಿಸಿ ತೆಗೆಯಿರಿ. ಹೊಟ್ಟೆಯ ಕೊಳೆ ಉಣ್ಣೆ ಗಿಡಗಳ ಬುಡಕ್ಕೆ ಹಾಕಿ. ನೀರು ಹಿಡಿಯುತ್ತದೆ, ನಿಧಾನವಾಗಿ ಕೊಳೆತು ಸಾರಜನಕ ಕೊಡುತ್ತದೆ.

ಇಷ್ಟು ಮಾಡಿದ ಕೂಡಲೇ ವ್ಯಾಪಾರಿ ಬಾಗಿಲಿಗೆ ಬರುತ್ತಾನೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಕಂಬಳಿ ನೇಯುವವರು, ಕೈನೂಲಿನ ಚೀಲ, ಜಮಖಾನೆ ಮಾಡುವವರು ಕೊಳ್ಳುವುದು ಒಂದೇ ಬಣ್ಣದ, ಮುಳ್ಳಿಲ್ಲದ ಉಣ್ಣೆಯನ್ನು. ಅಂಥವರ ಮುಂದೆ ಬೆರೆತ ಮೂಟೆ ಇಡಲಾಗದು, ವಿಂಗಡಿಸಿದ್ದನ್ನು ಇಡಬಹುದು. ನಿಮ್ಮ ಕಡೆ ಉಣ್ಣೆಯಿಲ್ಲದ ಮಡಗ್ಯಾಳ ಕುರಿಗೆ ಹೊರಳಿದವರೂ ಬಹಳ ಜನ. ಮಾಂಸದ ಲೆಕ್ಕದಲ್ಲಿ ಅವರ ನಿರ್ಧಾರ ಸರಿಯೇ. ಮೈದುನನಿಗೆ ದುಡ್ಡು ಹಾಕಲೇಬೇಕು ಅಂತಿದ್ದರೆ ಆಡು ಕುರಿಯಲ್ಲೇ ಹಾಕಲಿ, ಸಂತೆ ಕಣ್ಣೆದುರಿಗೇ ಇದೆ. ನೂರು ದಖ್ಖನಿ ಕುರಿ ಇರುವ ಮನೆಯಲ್ಲಿ ಒಂದು ಹಂಗಾಮು ಉಣ್ಣೆ ವಿಂಗಡಿಸಿ ನೋಡುವುದಕ್ಕೆ ಬೇಕಾದದ್ದು ಎರಡು ದಿನದ ಕೂಲಿ. ಕ್ರೋಶಾ ಹಾಕುವ ನಿಮ್ಮ ಬೆರಳು ದಪ್ಪ–ತೆಳುವಿನ ವ್ಯತ್ಯಾಸವನ್ನು ಮನೆಯಲ್ಲಿ ಉಳಿದವರಿಗಿಂತ ಬೇಗ ಹಿಡಿಯುತ್ತದೆ. ಈ ಕೆಲಸಕ್ಕೆ ನೀವೇ ಕೂರಿ.

ಕೊನೆಗೆ ನಿಮ್ಮ ನೂಲು. 120 ರೂಪಾಯಿಗೆ 50 ಗ್ರಾಂ ಅಪ್ಪಟ ಬೇಬಿ ಅಲ್ಪಾಕ ಬರುವುದಿಲ್ಲ. ನಿಜವಾದದ್ದು ಇದರ ಹಲವು ಪಟ್ಟು. ಲೇಬಲ್ ತಿರುಗಿಸಿ ನೋಡಿ. ಎಷ್ಟು ಪಾಲು ಯಾವುದು ಅಂತ ಬರೆದಿಲ್ಲದಿದ್ದರೆ 'ಅಲ್ಪಾಕ' ಅನ್ನುವುದು ಬರೀ ನೂಲಿನ ಹೆಸರು ಇರಬಹುದು. ಒಂದು ತುಂಡು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಪ್ರಾಣಿಯದು. ಕರಗಿ, ಗಟ್ಟಿ ಮಣಿಯಾಗಿ, ಪ್ಲಾಸ್ಟಿಕ್ ವಾಸನೆ ಬಂದರೆ ಅಕ್ರಿಲಿಕ್‌ನಂಥ ಕೃತಕ ನೂಲು. ಎರಡೂ ಬೆರೆತಿರುವ ಅನುಮಾನ ಇದ್ದರೆ ಇನ್ನೊಂದು ದಾರಿ ಇದೆ. ಬಟ್ಟೆ ಬಿಳುಪು ಮಾಡುವ ಕ್ಲೋರಿನ್ ಬ್ಲೀಚ್ ಅನ್ನು ಗಾಜಿನ ಲೋಟದಲ್ಲಿ ಹಾಕಿ, ನೂಲಿನ ತುಂಡು ಮುಳುಗಿಸಿ ಕೆಲವು ಗಂಟೆ ಬಿಡಿ. ಉಣ್ಣೆ ಪೂರ್ತಿ ಕರಗಿಹೋಗುತ್ತದೆ, ಅಕ್ರಿಲಿಕ್ ಹಾಗೇ ಉಳಿಯುತ್ತದೆ. ಉಳಿದದ್ದು ಎಷ್ಟು ಅಂತ ನೋಡಿದರೆ ಮೋಸ ಎಷ್ಟು ಅಂತ ತಿಳಿಯುತ್ತದೆ. ಕಿಟಕಿ ತೆರೆದಿಡಿ, ಅದಕ್ಕೆ ವಿನೆಗರ್ ಅಥವಾ ಇನ್ನಾವುದೇ ಕ್ಲೀನರ್ ಬೆರೆಸಬೇಡಿ, ಮಕ್ಕಳಿಂದ ದೂರ ಇಡಿ. ಆದರೆ ಕುರಿ ಉಣ್ಣೆಯೋ ಅಲ್ಪಾಕವೋ ಅನ್ನುವುದು ಈ ಎರಡರಿಂದಲೂ ಗೊತ್ತಾಗದು. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು.

ಅಕ್ರಿಲಿಕ್ ಅಂತ ಆದರೂ ಬೇಸರ ಬೇಡ. ಮಗುವಿನ ಟೊಪ್ಪಿಗೆಗೆ, ದಿನವೂ ಒಗೆಯುವ ವಸ್ತುಗಳಿಗೆ ಅದು ಚೆನ್ನಾಗಿಯೇ ಇರುತ್ತದೆ. ಮುಂದೆ ಯಾವತ್ತಾದರೂ ಅಪ್ಪಟ ಅಲ್ಪಾಕ ಕೈಗೆ ಬಂದರೆ ಶಾಲು ಹೆಣೆಯಿರಿ, ಸ್ವೆಟರ್ ಹೆಣೆಯಬೇಡಿ. ಎಳೆದರೆ ಕುರಿ ಉಣ್ಣೆ ಮತ್ತೆ ಕುಗ್ಗುತ್ತದೆ, ಅಲ್ಪಾಕ ಕುಗ್ಗುವುದಿಲ್ಲ. ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಸೊಂಟಕ್ಕೆ ಅಂತ ಹಾಕಿದ್ದು ಮೊಣಕಾಲಿಗೆ ಬರುತ್ತದೆ. ಸ್ವೆಟರೇ ಬೇಕು ಅಂದರೆ ಕುರಿ ಉಣ್ಣೆ ಬೆರೆತ ನೂಲು ತಗೊಳ್ಳಿ, ಸೂಜಿ ಒಂದು ನಂಬರ್ ಸಣ್ಣದು ಹಿಡಿಯಿರಿ. ಒಗೆಯುವಾಗ ತಣ್ಣೀರು, ಸ್ವಲ್ಪ ಶಾಂಪೂ ಅಥವಾ ಅಂಟವಾಳದ ನೊರೆ. ತಿಕ್ಕಬೇಡಿ, ಹಿಂಡಬೇಡಿ. ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ಉದ್ದ ಆಗುತ್ತದೆ. ಪೆಟ್ಟಿಗೆಯಲ್ಲಿ ಇಡುವಾಗ ಪೂರ್ತಿ ಒಣಗಿರಲಿ. ನಡುವೆ ಒಣ ಬೇವಿನ ಸೊಪ್ಪು ಇಡಿ, ತಿಂಗಳಿಗೊಮ್ಮೆ ತೆಗೆದು ಝಾಡಿಸಿ. ನುಸಿ ಬೀಳುವುದು ಮುಟ್ಟದೆ ಬಿಟ್ಟ ಉಣ್ಣೆಗೇ ಜಾಸ್ತಿ.